ಮರದ ಹೊಟ್ಟಿನ ಮ್ಯಾನೇಜಿಂಗ್ ಡೈರೆಕ್ಟರ್

ಮರ ಕೊಯ್ಯುವ ಮಿಲ್ಲಿನ ಯಜಮಾನಿಗೆ ತನ್ನ ಅಳಿಯನನ್ನು ಕಂಡರೆ ಆಗುತ್ತಿರಲಿಲ್ಲ. ಅದನ್ನು ಮುಚ್ಚಿಡಬೇಕೆಂದೂ ಆಕೆಗೆ ಅನ್ನಿಸಿರಲಿಲ್ಲ. ಗಂಡ ತೀರಿಕೊಂಡ ಮೇಲೆ ದಿಮ್ಮಿ ಕೊಳ್ಳುವುದರಿಂದ ಹಿಡಿದು ಗರಗಸಕ್ಕೆ ಸಾಣೆ ಹಿಡಿಸುವವರೆಗೆ ಎಲ್ಲವನ್ನೂ ಒಬ್ಬಳೇ ನಿಭಾಯಿಸಿದವಳು. ಅಳಿಯನೋ, ಟ್ಯುಟೋರಿಯಲ್ಲಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದವನು, ಮದುವೆಯಾದ ವರ್ಷವೇ ಗಂಟಲಿಗೆ ಆಗಿಬರುವುದಿಲ್ಲವೆಂದು ಕೆಲಸ ಬಿಟ್ಟು ಅತ್ತೆಯ ಮನೆಯ ಮಹಡಿ ಸೇರಿದ್ದ. ಊಟದ ಹೊತ್ತಿಗೆ ಮಾತ್ರ ಆ ಗಂಟಲು ಸರಿಹೋಗುತ್ತಿತ್ತು. ಮಿಲ್ಲಿನ ಆಳುಗಳು ಅವನನ್ನು ‘ಗ್ರಾಮರ್’ ಎಂದೇ ಕರೆಯುತ್ತಿದ್ದರು.

ಒಂದು ಬೆಳಿಗ್ಗೆ ಗ್ರಾಮರ್ ಕೆಳಗಿಳಿದು ಬಂದ. ಗರಗಸದಡಿಯ ಹೊಟ್ಟು ಹಿಂದಿನ ಶೆಡ್ಡಿಗೆ ಸುರಿಯುವುದನ್ನೂ ಕೋಳಿ ಫಾರಂನವನು ಅದನ್ನು ಮೂಟೆ ಕಟ್ಟುವುದನ್ನೂ ಜನ್ಮದಲ್ಲಿ ಮೊದಲ ಸಲ ಕಂಡವನಂತೆ ನೋಡಿದ. ಆಮೇಲೆ ಅತ್ತೆಯ ಮುಂದೆ ಕುರ್ಚಿ ಎಳೆದುಕೊಂಡು ಪಾಠ ಶುರುಮಾಡಿದ. ಇಂಗ್ಲಿಷಿನಲ್ಲಿ ‘ಸ್ಪಿನ್ ಆಫ್’ ಅಂತ ಒಂದು ಕ್ರಿಯಾಪದ ಇದೆಯಂತೆ. ಒಂದು ದೊಡ್ಡ ಕೆಲಸ ನಡೆಯುವಾಗ ಅದರಿಂದ ಇನ್ನೊಂದು ತಾನಾಗಿ ಹುಟ್ಟಿಕೊಂಡರೆ ಹಾಗೆನ್ನುತ್ತಾರಂತೆ. ಧಾರಾವಾಹಿಯ ಅಡ್ಡಪಾತ್ರಕ್ಕೆಂದೇ ಬೇರೆ ಧಾರಾವಾಹಿ ತೆಗೆದರೆ ಅದಕ್ಕೂ ಅದೇ ಮಾತು. ಕಂಪನಿಯ ಒಂದು ಭಾಗವನ್ನು ಬಿಡಿಸಿ ಸ್ವತಂತ್ರ ಕಂಪನಿ ಮಾಡಿದರೆ ಅದಕ್ಕೂ ಅದೇ. ಈಗ ಬೇಕಾಗಿರುವುದು ಈ ಕೊನೆಯ ಅರ್ಥ.

ಯಜಮಾನಿ ಹಲಗೆಗೆ ಸೀಮೆಸುಣ್ಣದ ಗೆರೆ ಎಳೆಯುತ್ತಲೇ ಹೇಳಿದಳು: “ತಾನಾಗಿ ಹುಟ್ಟಿ, ಬೇರೆಯವರ ಗೊಬ್ಬರ ತಿಂದು ಬೆಳೆಯೋದಕ್ಕೆ ನಾವು ಕಳೆ ಅಂತೀವಿ. ನಿಮಗೇನು ಬೇಕು, ಅದನ್ನ ಹೇಳಿ.”

ಅವನಿಗೆ ಹೊಟ್ಟಿನ ಶೆಡ್ಡು ಬೇಕಿತ್ತು. ಪೀಡೆ ಮಹಡಿ ಇಳಿದರೆ ಸಾಕೆಂದು ಆಕೆ ಬೀಗದ ಕೈ ಅವನತ್ತ ತಳ್ಳಿದಳು.

ಶೆಡ್ಡಿನ ಮೇಲೆ ಮಿಲ್ಲಿನದಕ್ಕಿಂತ ದೊಡ್ಡ ಬೋರ್ಡು ಎದ್ದಿತು. ಅವನ ಹೆಸರಿನ ಕೆಳಗೆ ‘ಮ್ಯಾನೇಜಿಂಗ್ ಡೈರೆಕ್ಟರ್’. ಹೊಟ್ಟಿನ ನಡುವೆ ತಿರುಗುವ ಕುರ್ಚಿಯೂ ಬಂತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅನ್ನೋದು ಇದಕ್ಕೇ ಎಂದು ಆಳುಗಳು ನಕ್ಕರು. ಕೋಳಿ ಫಾರಂನವನು ಬಂದಾಗ ಗ್ರಾಮರ್ ಚಿಲ್ಲರೆ ವ್ಯಾಪಾರ ಇಲ್ಲವೆಂದು ಹಿಂದಕ್ಕೆ ಕಳಿಸಿದ. ಇಟ್ಟಿಗೆ ಗೂಡಿನವನಿಗೂ ಅದೇ ಉತ್ತರ. ಯಾವುದೋ ದೊಡ್ಡ ಕಾರ್ಖಾನೆ ಬಂದು ಎಲ್ಲವನ್ನೂ ಒಟ್ಟಿಗೆ ಎತ್ತುತ್ತದೆಂದು ಕಾಯುತ್ತ ಕೂತ. ಕಾರ್ಖಾನೆಯವರು ಬರಲಿಲ್ಲ, ಗರಗಸ ನಿಲ್ಲಲಿಲ್ಲ. ರಾಶಿ ಸೂರು ಮುಟ್ಟಿತು. ಹಸಿ ಹೊಟ್ಟು ಒಳಗೊಳಗೇ ಕಾದು ಹೊತ್ತಿಕೊಳ್ಳುತ್ತದೆ, ಕೆದಕಿ ಹರಡಿಸಿ ಎಂದು ಯಜಮಾನಿ ಹೇಳಿಕಳಿಸಿದರೆ, ಇದು ಈಗ ಬೇರೆ ಕಂಪನಿ, ಮಿಲ್ಲಿನವರು ತಲೆ ಹಾಕುವ ಹಾಗಿಲ್ಲ ಎಂದು ಉತ್ತರ ಬಂತು.

ಒಂದು ಮಧ್ಯಾಹ್ನ ರಾಶಿಯ ನೆತ್ತಿಯಿಂದ ಹೊಗೆ ಎದ್ದಿತು. ಆಳುಗಳು ಬಕೆಟ್ಟು ಹಿಡಿದು ಓಡುತ್ತಿದ್ದರೆ ಗ್ರಾಮರ್ ಬೀದಿಯಲ್ಲಿ ನಿಂತು ಅಗ್ನಿಶಾಮಕದವರಿಗೆ ಫೋನಿನಲ್ಲಿ ಇಂಗ್ಲಿಷಿನಲ್ಲಿ ವಿವರಿಸುತ್ತಿದ್ದ. ಆ ಕಡೆಯವನಿಗೆ ಏನೂ ಅರ್ಥವಾಗುತ್ತಿರಲಿಲ್ಲ. ಕೊನೆಗೆ ಹೆಂಡತಿಯೇ ಫೋನು ಕಿತ್ತುಕೊಂಡು, ಬೆಂಕಿ ಬಿದ್ದಿದೆ, ಬನ್ನಿ ಎಂದು ವಿಳಾಸ ಹೇಳಿದಳು. ಬಂದವರು ಶೆಡ್ಡಿನ ಗೋಡೆ ಒಡೆದು ನೀರು ಹೊಡೆದರು. ಹೊಟ್ಟು ಬೀಳಲು ಜಾಗವಿಲ್ಲದೆ ಮಿಲ್ಲೂ ನಿಂತಿತು.

ತಲೆಯಿಂದ ಕಾಲಿನವರೆಗೆ ಮಸಿ ಮೆತ್ತಿಕೊಂಡಿದ್ದ ಅತ್ತೆಗೆ ಅಳಿಯ, ಅಂಗಿಯ ಇಸ್ತ್ರಿ ಕೆಡದಂತೆ ದೂರ ನಿಂತು, ಹಸಿ ಹೊಟ್ಟು ಸರಬರಾಜು ಮಾಡಿದ್ದು ಮಿಲ್ಲು, ಆದ್ದರಿಂದ ತಪ್ಪು ಮಿಲ್ಲಿನದು ಎಂದು ತಿಳಿಸಿದ. ಆಕೆ ಮಗಳ ಕಡೆ ತಿರುಗಿದಳು.

“ಈ ಶನಿಯನ್ನ ಎಲ್ಲಿಂದ ಹಿಡಿದು ತಂದ್ಯೇ?”

“ನಾನು ತಂದಿದ್ದಲ್ಲ ಅಮ್ಮ,” ಎಂದಳು ಮಗಳು. “ನನಗೆ ಬೇಡ ಅಂತ ಆಗಲೇ ಹೇಳಿದ್ದೆ. ಇಂಗ್ಲಿಷ್ ಮಾತಾಡ್ತಾನೆ ಅಂತ ಕುಣಿದಿದ್ದು ನೀನು.”

ಯಜಮಾನಿ ಸೆರಗಿನಿಂದ ಮುಖದ ಮಸಿ ಒರೆಸಿಕೊಂಡಳು. ಮಗಳನ್ನು ನೋಡಲು ಬಂದ ದಿನ ಇವನು ಯಾರದೋ ಫೋನಿಗೆ ಇಂಗ್ಲಿಷಿನಲ್ಲಿ ಉತ್ತರಿಸಿದ್ದ. ಆಕೆಗೆ ಒಂದಕ್ಷರ ತಿಳಿದಿರಲಿಲ್ಲ. ತಿಳಿಯದ್ದರಿಂದಲೇ ದೊಡ್ಡ ಮನುಷ್ಯನೆಂದು ನಂಬಿದ್ದಳು.

ಶೆಡ್ಡನ್ನು ಮಗಳು ವಹಿಸಿಕೊಂಡು, ಕೋಳಿ ಫಾರಂನವನನ್ನು ತಾನೇ ಹೋಗಿ ಕರೆತಂದಳು. ಗಂಡನಿಗೆ ಒಂದೇ ಮಾತು ಹೇಳಿದಳು: ಟ್ಯುಟೋರಿಯಲ್ಲಿಗೆ ಹೋಗಿ, ಇಲ್ಲವೇ ನಿಮ್ಮಮ್ಮನ ಮನೆಗೆ ಹೋಗಿ. ಆ ಅಮ್ಮನೂ ತನ್ನ ಮಗನನ್ನು ಬಲ್ಲವಳಾದ್ದರಿಂದ ಅವನು ಟ್ಯುಟೋರಿಯಲ್ಲಿಗೆ ಹೋದ. ಅಲ್ಲಿ ಹುಡುಗರಿಗೆ, ಒಂದು ಕಂಪನಿ ಕಟ್ಟಿ ಸರಿಯಾದ ಸಮಯಕ್ಕೆ ಕೈಬಿಟ್ಟೆ ಎಂದು ಹೇಳಿಕೊಳ್ಳುತ್ತಾನಂತೆ.

ಯಜಮಾನಿ ಈಗಲೂ ಅವನನ್ನು ಬಯ್ಯುತ್ತಾಳೆ. ಆದರೆ ಮೊದಲು ಸುತ್ತ ನೋಡಿ, ಮಗಳು ಹತ್ತಿರದಲ್ಲಿಲ್ಲವೆಂದು ಖಾತ್ರಿ ಮಾಡಿಕೊಳ್ಳುತ್ತಾಳೆ.