ಗ್ಯಾದರಿಂಗಿಗೆ ಹಚ್ಚಿದ ಮಸಿ

ಮೊನ್ನೆ ಚಿಕ್ಕೇರೂರಿನ ಅಕ್ಕನ ಮನೆಗೆ ಹೋದಾಗ ಟಿವಿಯಲ್ಲಿ ಕಾಮಿಡಿ ನಡೆದಿತ್ತು. ಒಬ್ಬ ಮುಖಕ್ಕೆ ಕಪ್ಪು ಬಳಿದುಕೊಂಡು, ಗುಂಗುರು ಟೋಪನ್ ಹಾಕಿಕೊಂಡು ಕುಣಿಯುತ್ತಿದ್ದ. ಮನೆಮಂದಿಯೆಲ್ಲ ಬಿದ್ದು ಬಿದ್ದು ನಗುತ್ತಿದ್ದರು. "ಯಾಕೋ ತಮ್ಮಾ, ನಗು ಬರವಲ್ದೇನು?" ಎಂದಳು ಅಕ್ಕ. ಬರಲಿಲ್ಲ ನೋಡಿ. ಒಂದು ಕಾಲಕ್ಕೆ ಇಂಥದ್ದಕ್ಕೆ ನನ್ನ ನಗುವೇ ಎಲ್ಲರಿಗಿಂತ ಜೋರಾಗಿತ್ತು.

ನಾನಾಗ ಹಾನಗಲ್ಲಿನ ಒಂದು ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರ. ಪ್ರತಿವರ್ಷ ಗ್ಯಾದರಿಂಗಿಗೆ, ಎಂದರೆ ಶಾಲೆಯ ಸ್ನೇಹಸಮ್ಮೇಳನಕ್ಕೆ, ನಗೆನಾಟಕ ಬರೆಯುವ ಗುತ್ತಿಗೆ ನನ್ನದೇ. ಟಿವಿಯಿಂದ ಕದ್ದು 'ಸ್ವಂತ ರಚನೆ' ಎಂದು ಹಾಕಿಕೊಳ್ಳುತ್ತಿದ್ದೆ. ಅದೇ ಟಿವಿಯವರು ನಮ್ಮ ಕಡೆಯ ಮಾತನ್ನು ಅಡುಗೆ ಆಳಿನ ಬಾಯಿಗೆ ಹಾಕಿ ನಗಿಸಿದರೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು! ಆ ವರ್ಷ ಕದ್ದದ್ದು ಹೆಣ್ಣು ನೋಡುವ ಪ್ರಸಂಗ: ಕಪ್ಪು ಹುಡುಗಿಯನ್ನು ಕಂಡೊಡನೆ ವರ ಮೂರ್ಛೆ ಹೋಗುತ್ತಾನೆ. ಹುಡುಗಿಯ ಪಾತ್ರ ನನ್ನದು.

ಸೀರೆ ಉಟ್ಟೆ. ರೊಟ್ಟಿ ಹೆಂಚಿನ ಮಸಿಗೆ ಎಣ್ಣೆ ಕಲಸಿದೆ. ಹಚ್ಚಲು ಕರೆದದ್ದು ಯಾರನ್ನು ಅಂತೀರಿ? ಗಣಿತ ಕಲಿಸುವ ಸಿದ್ದಿ ಅಕ್ಕೋರನ್ನು! ಯಲ್ಲಾಪುರದ ಕಡೆಯವರು, ಅವರ ಹಿರಿಯರು ಎಷ್ಟೋ ತಲೆಮಾರಿನ ಹಿಂದೆ ಆಫ್ರಿಕಾದಿಂದ ಬಂದವರು. ರಂಗೋಲಿಯಲ್ಲಿ ಅವರ ಕೈ ಪಳಗಿದ್ದು. ನನ್ನ ತಲೆಯಲ್ಲಿ ಇದ್ದದ್ದು ಅಷ್ಟೇ.

ಒಂದು ಕೆನ್ನೆಗೆ ಬಳಿದು, ಪಕ್ಕದಲ್ಲಿ ತಮ್ಮ ಮುಂಗೈ ಹಿಡಿದು ಕೇಳಿದರು: "ಇಷ್ಟ ಸಾಕೇನ್ರಿ ಸರ, ನನ್ನಷ್ಟ ಆಗಬೇಕೋ?"

ನನ್ನ ಭಂಡತನ ನೋಡಿ, "ಟಿವಿಯಾಗ ದಿನಾ ತೋರಸ್ತಾರಲ್ರಿ, ಅಕ್ಕೋರ" ಎಂದೆ.

"ನೀವು ತೊಳಕೊಂಡ ಮನೀಗೆ ಹೋಗ್ತೀರಿ. ನಾಳೆ ಹತ್ತನೇ ಕ್ಲಾಸಿಗೆ ಈ ಮಾರಿ ತಗೊಂಡ ಹೋಗಾಕಿ ನಾನು. ಆ ಹುಡುಗ್ರು ಮತ್ತ ನನ್ನ ಮಾತ ಕೇಳ್ತಾರೇನ್ರಿ?"

ಮುಖ ತಿಕ್ಕಿ ತಿಕ್ಕಿ ತೊಳೆದೆ. ನಿಂತ ನಿಲುವಿನಲ್ಲೇ ನಾಟಕ ತಿರುವಿದೆ: ಹುಡುಗಿ ಹದಿನೇಳರ ಮಗ್ಗಿ ಕೇಳುತ್ತಾಳೆ, ಬಾರದ ವರ ಮೂರ್ಛೆ ಹೋಗುತ್ತಾನೆ. ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಸಿದ್ದಿ ಅಕ್ಕೋರು ನಕ್ಕರೋ ಇಲ್ಲವೋ, ಆ ಕಡೆ ನೋಡುವ ಧೈರ್ಯ ನನಗಿರಲಿಲ್ಲ.

ಇದನ್ನೆಲ್ಲ ಅಕ್ಕನ ಮನೆಯಲ್ಲಿ ಎದೆ ಉಬ್ಬಿಸಿಕೊಂಡೇ ಹೇಳಿದೆ. ಟಿವಿ ಬಂದ್ ಆಯಿತು. ಹಿರೇಕೆರೂರಿನ ಬ್ಯಾಂಕಿನಲ್ಲಿ ಕೆಲಸ ಮಾಡುವ ಅಕ್ಕನ ಮಗಳು ಮೆಲ್ಲಗೆ ಕೇಳಿದಳು: "ಛಲೋ ಆತು ಮಾಮಾ. ಹಂಗಾರ ನನ್ನ ಕರೆವ್ವ ಅಂತ ಕರಿಯೂದು ಯಾವಾಗ ಬಿಡ್ತಿ?"

ಅವಳು ತೊಟ್ಟಿಲಲ್ಲಿದ್ದಾಗಲೇ ಮೈಬಣ್ಣ ನೋಡಿ ಆ ಹೆಸರಿಟ್ಟವನು ನಾನು. ಪ್ರೀತಿಯಿಂದ ಇಟ್ಟದ್ದವ್ವಾ ಎನ್ನಲು ಬಾಯಿ ತೆರೆದವನು ಮುಚ್ಚಿಕೊಂಡೆ.

"ಇವತ್ತ ಬಿಟ್ನಿ ನೋಡು, ಸುಜಾತಾ" ಎಂದೆ. ಅವಳ ನಿಜವಾದ ಹೆಸರು ನನ್ನ ಬಾಯಲ್ಲಿ ಬಂದದ್ದು ಅದೇ ಮೊದಲು.