ಒಂದಕ್ಷರದ ಹಳ್ಳ

ನಮ್ಮ ಅತ್ತೆಗೆ, ಅಂದರೆ ಅಪ್ಪನ ಅಕ್ಕನಿಗೆ, ಕಚೇರಿಯಲ್ಲಿ ಅಕ್ಷರಮ್ಮ ಎಂದೇ ಹೆಸರು. ನೀರಾವರಿ ಕಚೇರಿಯ ನಕ್ಷೆ ಕೋಣೆಯಲ್ಲಿ ಮೂವತ್ತೊಂದು ವರ್ಷ ದುಡಿದವಳು. ಗೆರೆ ಎಳೆಯುವವರು ಬೇಕಾದಷ್ಟು ಜನ ಇದ್ದರು. ಗೆರೆಯ ಪಕ್ಕದಲ್ಲಿ ಅಕ್ಕಿಕಾಳಿನಷ್ಟು ಸಣ್ಣಗೆ ಹೆಸರು ಬರೆಯಲು ಅವಳೇ ಆಗಬೇಕಿತ್ತು. ಕಂಪ್ಯೂಟರ್ ಬಂದ ಮೇಲೂ ಮೂಲ ನಕ್ಷೆ ಮುಟ್ಟುವ ಕೈ ಅವಳದೇ. ಮನೆಯಲ್ಲಿ ಉಪ್ಪಿನ ಡಬ್ಬಿಗೂ ಚೀಟಿ ಅಂಟಿಸುತ್ತಿದ್ದಳು. "ನನ್ನ ಹಣೆಗೂ ಒಂದು ಅಂಟ್ಸೇ, ಯಾರ ಗಂಡ ಅಂತ ಜನಕ್ಕೆ ಗೊತ್ತಾಗ್ಲಿ" ಎಂದು ಮಾವ ರೇಗಿಸುತ್ತಿದ್ದರು.

ನನ್ನದು ಕಚೇರಿಯ ಎದುರಿನ ಜೆರಾಕ್ಸ್ ಅಂಗಡಿ. ಹೋದ ಮಳೆಗಾಲದಲ್ಲಿ ಅಂಗಡಿ ಹಿಂದಿನ ಹಳ್ಳ ಉಕ್ಕಿ ನನ್ನ ಮಷಿನ್ನು ಮುಳುಗಿ ಸತ್ತಿತು. ಅದೇ ನೀರು ನದಿ ಸೇರಿ, ಮಧ್ಯಾಹ್ನದ ಹೊತ್ತಿಗೆ ಕೆಳಗಿನ ಊರಿನ ಆಸ್ಪತ್ರೆಗೆ ನುಗ್ಗಿತು. ಅಲ್ಲಿನ ನರ್ಸಮ್ಮ ಮಂಚದ ಮೇಲೆ ಮಂಚ ಪೇರಿಸಿ ರೋಗಿಗಳನ್ನು ಉಳಿಸಿಕೊಂಡರು.

ಆಮೇಲೆ ಎರಡೂ ಊರು ಸೇರಿ ಒಂದು ಸಮಿತಿ ಆಯಿತು. ನದಿ ಒಂದೇ ಅಂದಮೇಲೆ ಯೋಜನೆಯೂ ಒಂದೇ ಇರಲಿ ಎಂದರು. ಅದರ ತಿರುಳು ಇಷ್ಟೇ: ನದಿಗೆ ಬಂದು ಸೇರುವುದು ಹಳ್ಳವಾದರೆ ಅದಕ್ಕೆ ದಡ ಬಿಟ್ಟು, ಗಿಡ ನೆಟ್ಟು, ಉಕ್ಕಿದಾಗ ಹರಡಿಕೊಳ್ಳಲು ಜಾಗ ಕೊಡಬೇಕು. ಚರಂಡಿಯಾದರೆ ನೆಟ್ಟಗೆ ಮಾಡಿ ಮೇಲೆ ಕಾಂಕ್ರೀಟ್ ಮುಚ್ಚಳ ಹಾಕಬೇಕು. ಮುಚ್ಚಳದ ಕೆಳಗಿನ ನೀರು ಎಲ್ಲೂ ನಿಲ್ಲುವುದಿಲ್ಲ. ಒಂದೇ ಉಸಿರಿಗೆ ಓಡಿ ನರ್ಸಮ್ಮನ ವಾರ್ಡಿಗೆ ಹೋಗುತ್ತದೆ.

ಯಾವುದು ಹಳ್ಳ, ಯಾವುದು ಚರಂಡಿ ಎಂದು ಹೇಳುವುದು ಮೂಲ ನಕ್ಷೆ. ಜಾಗ ಸಾಲದ ಕಡೆ ಅದರಲ್ಲಿ ಒಂದೇ ಅಕ್ಷರ ಬರೆಯುವ ರೂಢಿ. ಹಳ್ಳಕ್ಕೆ 'ಹ', ಚರಂಡಿಗೆ 'ಚ'. ನಮ್ಮ ಹಳ್ಳದ ಮೇಲೆ 'ಚ' ಎಂದಿತ್ತು.

ಅದನ್ನು ನೋಡಿದ ದಿನ ಅತ್ತೆ ಊಟದ ಡಬ್ಬಿ ಬಿಚ್ಚದೆ ನನ್ನ ಅಂಗಡಿಗೆ ಬಂದಳು.

"ಆ 'ಚ' ನಂದು ಕಣೆ. ಕೆಲಸಕ್ಕೆ ಸೇರಿದ ವರ್ಷ ಬರೆದಿದ್ದು. ಅಳತೆಯವರ ಪುಸ್ತಕದಲ್ಲಿ ಆ ಅಕ್ಷರದ ಮೇಲೆ ಟೀ ಚೆಲ್ಲಿತ್ತು. ರಸ್ತೆ ದಾಟಿ ಹೋಗಿ ಹತ್ತಿರದಿಂದ ಕಣ್ಣಾರೆ ನೋಡ್ಬಹುದಿತ್ತು. ಐದು ಗಂಟೆ ಆಗಿತ್ತು. ಊಹೆ ಮೇಲೆ 'ಚ' ಬರೆದು ಮನೆಗೆ ಬಂದೆ."

ನನಗೆ ಸಿಟ್ಟು ಬಂತು. ಸತ್ತ ಮಷಿನ್ನು ಇನ್ನೂ ಮೂಲೆಯಲ್ಲೇ ಬಿದ್ದಿತ್ತು. ಚರಂಡಿ ಎಂದಿದ್ದರಿಂದಲೇ ತಾನೇ ಊರಿನವರೆಲ್ಲ ಅದಕ್ಕೆ ಕಸ ಸುರಿದು, ಮಣ್ಣು ತುಂಬಿ, ಅಕ್ಕಪಕ್ಕ ಒತ್ತಿಕೊಂಡು ಕಟ್ಟಿದ್ದು? ಆದರೂ ಅವಳ ಮುಖ ನೋಡಿ ಹೇಳಿದೆ: "ಬ್ಲೇಡಲ್ಲಿ ಕೆರೆದು 'ಹ' ಬರೆದ್ಬಿಡು ಅತ್ತೆ. ನಿನ್ನ ಕೈಯಲ್ಲಿ ಅರ್ಧ ನಿಮಿಷದ ಕೆಲಸ. ಯಾರಿಗೆ ಗೊತ್ತಾಗುತ್ತೆ?"

"ಕದ್ದು ತಿದ್ದಿದ್ರೆ ಹಳ್ಳಾನೂ ಕದ್ದ ಮಾಲಾಗುತ್ತೆ. ನಾಳೆ ಇನ್ನೊಬ್ಬ ಬಂದು ಕದ್ದೇ ಕೆರೀತಾನೆ."

ನಿವೃತ್ತಿಗೆ ನಾಲ್ಕು ತಿಂಗಳಿತ್ತು. ಒಂದೂ ಕಪ್ಪು ಚುಕ್ಕೆಯಿಲ್ಲದೆ ಮನೆಗೆ ಬರಬೇಕೆಂಬುದು ಅವಳ ಒಂದೇ ಹೆಮ್ಮೆ. ಆದರೂ 'ತಪ್ಪು ನನ್ನದು, ತಿದ್ದಲು ಅಪ್ಪಣೆ ಕೊಡಿ' ಎಂದು ಎಂಜಿನಿಯರ್ ಸಾಹೇಬರಿಗೆ ಅರ್ಜಿ ಬರೆದಳು. ಅವರದು ಯಾವಾಗಲೂ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಮಾತು: "ನೋಡೋಣಮ್ಮ. ದಾಖಲೆ ಅಂದ್ರೆ ದಾಖಲೆ. ಅದು ತಪ್ಪಾಗೋದು ಅಂತ ಇರೋಲ್ಲ, ಆದ್ರೂ ನೋಡೋಣ." ಒಳಗಿನ ಸಂಗತಿ ಬೇರೆ. ಅದು ಹಳ್ಳ ಎಂದಾದರೆ ಮೊದಲು ಕೀಳಬೇಕಾದದ್ದು ಹಳ್ಳದ ದಡದ ಮೇಲೆ ಕಚೇರಿಯೇ ಕಟ್ಟಿಕೊಂಡಿದ್ದ ಜೀಪಿನ ಶೆಡ್ಡು. ಅತ್ತೆ ಮೂರು ಅರ್ಜಿ ಕೊಟ್ಟಳು. ಮೂರೂ ಸಾಹೇಬರ ಮೇಜಿನ ಮೇಲೆ ನಿದ್ದೆ ಹೋದವು.

ಮಾವ ಬೇಡಿಕೊಂಡರು. "ಕುಂಬಳಕಾಯಿ ಕಳ್ಳ ಅಂತ ಯಾರೂ ಅಂದೇ ಇಲ್ಲ, ನೀನ್ಯಾಕೆ ಹೆಗಲು ಮುಟ್ಟಿ ನೋಡ್ಕೋತೀಯ?"

"ಕುಂಬಳಕಾಯಿ ಇನ್ನೂ ಹೆಗಲ ಮೇಲೇ ಇದೆಯಲ್ಲ. ಇಳಿಸ್ಬೇಕು" ಎಂದಳು.

ಮುಂದಿನ ಜಂಟಿ ಸಭೆಯಲ್ಲಿ ನಕ್ಷೆ ಬಿಡಿಸಿ ಹಿಡಿಯುವುದಷ್ಟೇ ಅವಳ ಕೆಲಸ. ಕಾಗದ ಹಂಚಲು ಹೋಗಿದ್ದ ನಾನು ಬಾಗಿಲಲ್ಲೇ ನಿಂತಿದ್ದೆ. ಸಾಹೇಬರು ಕೋಲು ಇಟ್ಟು "ಇದು ಚರಂಡಿ, ಮುಚ್ಚಳ" ಎಂದು ಮುಂದೆ ಸರಿದರು. ಅತ್ತೆ ಸರಿಯಲಿಲ್ಲ.

"ಅದು ಹಳ್ಳ ಸಾರ್. ಬೇಸಿಗೇಲೂ ಬತ್ತೋಲ್ಲ, ಮೇಲಿನ ಗುಡ್ಡದ ಒರತೆ ನೀರು. ಮೂವತ್ತೊಂದು ವರ್ಷದ ಹಿಂದೆ ಚರಂಡಿ ಅಂತ ತಪ್ಪು ಬರೆದೋಳು ನಾನು. ಮೂರು ಸಲ ಬರೆದು ಒಪ್ಪಿಕೊಂಡಿದೀನಿ."

"ಕೂತ್ಕೊಳಿ ಅಮ್ಮ. ಇದು ನಿಮ್ಮ ಸ್ವಂತ ವಿಷಯ ಮಾತಾಡೋ ಜಾಗ ಅಲ್ಲ."

ಕೆಳಗಿನ ಊರಿನ ಸಾಲಿನಿಂದ ನರ್ಸಮ್ಮ ಎದ್ದರು. ಹೊಗಳುತ್ತಾರೆಂದು ನಾನು ಕಾದೆ. "ಮೂವತ್ತೊಂದು ವರ್ಷ ಎಲ್ಲಿದ್ರಮ್ಮ ನೀವು?" ಎಂದು ಕೇಳಿದರು.

"ನಕ್ಷೆ ಕೋಣೇಲೇ" ಎಂದಳು ಅತ್ತೆ. "ಕಿಟಕಿ ತೆಗೆದ್ರೆ ಹಳ್ಳ ಕಾಣುತ್ತೆ. ನಾನು ಕಿಟಕಿಗೆ ಬೆನ್ನು ಹಾಕಿ ಕೂರ್ತಿದ್ದೆ. ಇವತ್ತು ಬೈಸ್ಕೊಳ್ಳೋಕೇ ನಿಂತಿದೀನಿ. ಎಷ್ಟು ಬೇಕಾದ್ರೂ ಬೈರಿ, ಮುಚ್ಚಳ ಮಾತ್ರ ಹಾಕಿಸ್ಬೇಡಿ."

ಯಾರೂ ಬೈಯಲಿಲ್ಲ. ಆದರೆ ಬಾಯಿಮಾತು ಸಾಲದು, ಹಳ್ಳ ಎನ್ನಲು ಕಚೇರಿಯ ಮೊಹರಿರುವ ಕಾಗದ ಬೇಕು ಎಂದರು ಅಧ್ಯಕ್ಷರು. ತೀರ್ಮಾನವನ್ನು ಹದಿನೈದು ದಿನ ಮುಂದಕ್ಕೆ ಹಾಕಿದರು. ಅಂಥ ಕಾಗದ ಕೊಡಬೇಕಾದವರು ಅದೇ ಸಾಹೇಬರು. ಮಾವ ಅಂದು ರಾತ್ರಿ ಊಟ ಮಾಡಲಿಲ್ಲ, ನನಗೂ ಆಸೆ ಬತ್ತಿತ್ತು.

ಸಾಹೇಬರಿಗೆ ತುಂಬಿದ ಸಭೆಯಲ್ಲಿ ಮುಖಭಂಗವಾಗಿತ್ತು. ಸಿಟ್ಟಿನ ಕೈಗೆ ಬುದ್ಧಿ ಕೊಟ್ಟರು. ಒಂಬತ್ತನೆಯ ದಿನ ಅತ್ತೆಗೆ ನೋಟೀಸು ಬಂತು. ಅವಳು ಅದನ್ನು ನನ್ನ ಅಂಗಡಿಯ ಕಟ್ಟೆಯ ಮೇಲೆ ಹರಡಿ, ಕನ್ನಡಕ ಏರಿಸಿ, ಬೆರಳಿಟ್ಟು ಓದಿದಳು: 'ನೈಸರ್ಗಿಕ ಹಳ್ಳವೊಂದನ್ನು ಮೂಲ ನಕ್ಷೆಯಲ್ಲಿ ಚರಂಡಿ ಎಂದು ತಪ್ಪಾಗಿ ನಮೂದಿಸಿ ಗಂಭೀರ ಕರ್ತವ್ಯಲೋಪ ಎಸಗಿರುವ ತಮ್ಮ ಮೇಲೆ ಏಕೆ ಶಿಸ್ತುಕ್ರಮ ಜರುಗಿಸಬಾರದು?' ಕೆಳಗೆ ಸಾಹೇಬರ ಸಹಿ. ಸಹಿಯ ಪಕ್ಕದಲ್ಲಿ ದುಂಡನೆಯ ಮೊಹರು.

ಅತ್ತೆ ಇನ್ನೊಂದು ಸಲ ಓದಿದಳು. ಆಮೇಲೆ ನಕ್ಕಳು ನೋಡಿ, ರಸ್ತೆಯವರು ತಿರುಗಿ ನೋಡುವಷ್ಟು.

"ಏನು ಬರೆದಿದಾರೆ ಓದೇ. ಹಳ್ಳ ಅಂತ! ಕಚೇರಿಯೇ ಬರೆದು ಮೊಹರು ಒತ್ತಿದೆ. ನಲವತ್ತು ಕಾಪಿ ತೆಗಿ."

"ಇದು ನಿನ್ನ ಮೇಲಿನ ಆರೋಪ ಅತ್ತೆ. ಊರಿಗೆಲ್ಲ ಹಂಚ್ತೀಯಾ?"

"ಹಂಚ್ತೀನಿ. ಮೊಹರು ಚೆನ್ನಾಗಿ ಬರ್ಲಿ, ಮಸಿ ಜಾಸ್ತಿ ಇಡು."

ಸಭೆಯಲ್ಲಿ ನಲವತ್ತು ಜನರ ಕೈಯಲ್ಲೂ ಅವಳ ತಪ್ಪು ಇತ್ತು. ನರ್ಸಮ್ಮ ನೋಟೀಸನ್ನು ಗಟ್ಟಿಯಾಗಿ ಓದಿದರು, 'ಹಳ್ಳ' ಎಂಬಲ್ಲಿ ನಿಲ್ಲಿಸಿ ಎರಡು ಸಲ. ಸಾಹೇಬರು ಇಂಗು ತಿಂದ ಮಂಗನ ಹಾಗೆ ಕೂತಿದ್ದರು. ಅದು ಹಳ್ಳ ಅಲ್ಲ ಎಂದರೆ ನೋಟೀಸು ಸುಳ್ಳು. ನೋಟೀಸು ನಿಜ ಎಂದರೆ ಶೆಡ್ಡು ಹೋಯಿತು. ಮುಚ್ಚಳ ಬೇಡವೆಂದು ಸಮಿತಿ ಬರೆದುಕೊಂಡಿತು.

ಶಿಕ್ಷೆಯೇನೂ ತಪ್ಪಲಿಲ್ಲ. 'ಕರ್ತವ್ಯಲೋಪ, ಛೀಮಾರಿ' ಎಂಬ ಸಾಲು ಸೇವಾ ಪುಸ್ತಕದ ಕೊನೆಯ ಪುಟಕ್ಕೆ ಬಂತು. ಅದರ ಕೆಳಗೆ ಅತ್ತೆ ತನ್ನ ಮುದ್ದಾದ ಅಕ್ಷರದಲ್ಲಿ 'ಓದಿದ್ದೇನೆ, ಒಪ್ಪಿದ್ದೇನೆ' ಎಂದು ಬರೆದು ಸಹಿ ಹಾಕಿದಳು. ಆ ಸಂಜೆ ಮನೆಯಲ್ಲಿ ಅತ್ತಳು. ಅತ್ತಿದ್ದು ನಿಜ, ಮುಚ್ಚಿಡುವುದಿಲ್ಲ.

ಕೊನೆಯ ದಿನ ಮೂಲ ನಕ್ಷೆ ತಿದ್ದುವ ಅಪ್ಪಣೆ ಬಂತು. ಎಲ್ಲರೆದುರು ಬ್ಲೇಡು ತೆಗೆದುಕೊಂಡು 'ಚ'ವನ್ನು ಕೆರೆದಳು. 'ಹ' ಸಾಕಮ್ಮ, ಜಾಗ ಇಲ್ಲ ಎಂದರು ಸಾಹೇಬರು. ಇನ್ನು ಯಾರೂ ಊಹೆ ಮಾಡಬಾರದು ಎಂದು ಅವಳು ಪೂರ್ತಿ 'ಹಳ್ಳ' ಎಂದೇ ಬರೆದಳು. ಜಾಗ ಸಾಲದೆ, 'ಳ್ಳ' ಹೋಗಿ ಜೀಪಿನ ಶೆಡ್ಡಿನ ಮೇಲೆ ಕೂತಿದೆ.