ಚಿಲಕ ಬಿಚ್ಚಿಸಿದ ಹೇಮಶ್ರೀ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಚಾಮರಾಜಪೇಟೆಯ ಖಾಸಗಿ ಶಾಲೆಯೊಂದರ ಸಭಾಂಗಣದಲ್ಲಿ ಡ್ರಿಲ್ ಮಾಸ್ಟರ್ ಶಶಿಕುಮಾರ್ ಜಮಖಾನದ ಮೇಲೆ ಬೋರಲು ಮಲಗಿದ್ದಾರೆ. ಅವರ ಕೈಗಳನ್ನು ಹಿಂದಕ್ಕೆ ಹಿಡಿದು, ಬೆನ್ನಿಗೆ ಮೊಣಕಾಲು ಊರಿರುವವರು ಹೇಮಶ್ರೀ. ಟೀಚರುಗಳು, ಆಯಾಗಳು, ವ್ಯಾನ್ ಡ್ರೈವರುಗಳು ಸುತ್ತ ನಿಂತು ನೋಡುತ್ತಿದ್ದಾರೆ.

"ಮೇಡಂ, ಬಿಡಿ... ಉಸಿರು ಕಟ್ತಿದೆ."

ಹೇಮಶ್ರೀ ತಕ್ಷಣ ಬಿಡುತ್ತಾರೆ. "ನಾನು ಭಾರ ಹಾಕೇ ಇರ್ಲಿಲ್ಲ ಸಾರ್. ಹಿಂಗೆ ಹಿಡಿದ್ರೇನೇ ಹುಡುಗ್ರು ಬಗ್ಗೋದು ಅಂತ ಈಗಷ್ಟೇ ಹೇಳಿದ್ರಲ್ಲ? ನಿಮಗೇನೋ ಬಿಡಿ ಅನ್ನೋಕೆ ಬಾಯಿದೆ. ಎರಡನೇ ಕ್ಲಾಸಿನ ಮಗು ಏನು ಮಾಡ್ಬೇಕು?"

ಯಾರೂ ನಗುವುದಿಲ್ಲ. ಹೇಮಶ್ರೀಯವರೂ ನಗಿಸಲು ಬಂದವರಲ್ಲ. ಹೆದರಿ ಕಿರುಚುವ, ಕೈಗೆ ಸಿಕ್ಕಿದ್ದನ್ನು ಎಸೆಯುವ ಮಗುವನ್ನು ನೋಯಿಸದೆ ಸಮಾಧಾನಕ್ಕೆ ತರುವುದು ಹೇಗೆಂದು ಕಲಿಸುವುದು ಅವರ ಕೆಲಸ. ಬೆಳಿಗ್ಗೆ ಶಾಲೆಗಳಲ್ಲಿ ಪಾಠವಾದರೆ, ಮಧ್ಯಾಹ್ನ ಚಿಕ್ಕಪೇಟೆಯ ಬಟ್ಟೆ ಗೋದಾಮುಗಳಲ್ಲಿ ಜಗಳಕ್ಕೆ ನಿಂತವರನ್ನು ತಣ್ಣಗಾಗಿಸಲು ಹಮಾಲರು, ಗುಮಾಸ್ತರು, ಸೆಕ್ಯೂರಿಟಿಯವರಿಗೆ ಅದೇ ಪಾಠ. ಎದುರಿಗೆ ಅಡ್ಡ ನಿಲ್ಲಬೇಡಿ, ದನಿ ತಗ್ಗಿಸಿ, ಬಾಗಿಲು ತೆರೆದಿಡಿ.

ಈ ಪಾಠವನ್ನು ಅವರಿಗೆ ಕಲಿಸಿದ್ದು ತಮ್ಮ ನಂದೀಶನ ಭುಜ. ತಂದೆ ಬೈರಯ್ಯ ಸರ್ಕಾರಿ ಕಚೇರಿಯಲ್ಲಿ ಅಟೆಂಡರ್, ತಾಯಿ ಅಂಜಿನಮ್ಮ, ಮನೆ ಎನ್.ಆರ್. ಕಾಲೋನಿಯ ಹಿಂಬದಿ ವಠಾರದಲ್ಲಿ. ಜೋರು ಸದ್ದೆಂದರೆ ನಂದೀಶನಿಗೆ ಆಗದು. ಒಮ್ಮೆ ಶಾಲೆಯಲ್ಲಿ ಬ್ಯಾಂಡ್ ಬಾರಿಸಿದಾಗ ಕಿವಿ ಮುಚ್ಚಿಕೊಂಡು ಚೀರಿದ. ಇಬ್ಬರು ಮೇಷ್ಟ್ರು ಅವನನ್ನು ನೆಲಕ್ಕೆ ಕೆಡವಿ ಅದುಮಿ ಹಿಡಿದರು. ಭುಜದ ಮೂಳೆ ಮುರಿಯಿತು.

"ಅಪ್ಪ ಕೇಳೋಕೆ ಹೋದ್ರೆ ಹೆಡ್‌ಮಾಸ್ಟ್ರು ಏನಂದ್ರು ಗೊತ್ತಾ? 'ನಿಮ್ಮ ಕಡೆ ಹುಡುಗ್ರೇ ಒರಟು ಕಣಯ್ಯ' ಅಂದ್ರು. ನಿಮ್ಮ ಕಡೆ ಅಂದ್ರೆ ಯಾವ ಕಡೆ ಅಂತ ಅಪ್ಪನಿಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು," ಎನ್ನುವಾಗ ಹೇಮಶ್ರೀಯವರ ದವಡೆ ಬಿಗಿಯುತ್ತದೆ. ನಂದೀಶ್ ಈಗ ನರ್ಸರಿಯೊಂದರಲ್ಲಿ ಕುಂಡಗಳಿಗೆ ಮಣ್ಣು ತುಂಬುತ್ತಾನೆ. ಬಲಗೈ ಇವತ್ತಿಗೂ ಭುಜಕ್ಕಿಂತ ಮೇಲೇಳುವುದಿಲ್ಲ.

ಇತ್ತ ಸಭಾಂಗಣದಲ್ಲಿ ಆಯಾ ಕಾವೇರಮ್ಮ ಸೆರಗು ಹಿಂಡುತ್ತ ಮುಂದೆ ಬರುತ್ತಾರೆ. "ಮೇಡಂ, ಹಿಡಿಯೋದಿರ್ಲಿ. ರೂಮಲ್ಲಿ ಕೂಡಿ ಹಾಕೋದು?"

ಒಮ್ಮೆಲೇ ಎಲ್ಲರೂ ನೆಲ ನೋಡುತ್ತಾರೆ. ಆಡಳಿತ ಮಂಡಳಿಯ ಕಾರ್ಯದರ್ಶಿ ವಸಂತ್ ಎದ್ದು ನಿಂತು, "ಅದು ಮಕ್ಕಳು ಶಾಂತವಾಗಿ ಕೂರೋ ಕೊಠಡಿ," ಎನ್ನುತ್ತಾರೆ.

"ಹಾಗಾದ್ರೆ ತೋರ್ಸಿ."

ಮೆಟ್ಟಿಲ ಕೆಳಗೆ ಆಟದ ಸಾಮಾನಿನ ಕೋಣೆ. ಕಿಟಕಿ ಇಲ್ಲ. ಚಿಲಕ ಹೊರಗೆ. ಬಾಗಿಲ ಒಳಮೈಯ ತಳದಲ್ಲಿ ಪುಟ್ಟ ಬೂಟುಗಳು ಒದ್ದ ಕಪ್ಪು ಗುರುತುಗಳು. ಹೇಮಶ್ರೀ ಅಲ್ಲಿ ಕುಕ್ಕರುಗಾಲಲ್ಲಿ ಕೂತು ಬೆರಳಾಡಿಸುತ್ತಾರೆ. ಎದ್ದಾಗ ದನಿ ತಗ್ಗಿಸುವ ಪಾಠ ಅವರಿಗೇ ಮರೆತಿರುತ್ತದೆ.

"ಬೆಂಕಿ ಬಿದ್ರೆ ಇದನ್ನ ಯಾರ್ರೀ ತೆಗೀತಾರೆ? ಒಳಗಿರೋ ಮಗು ಸತ್ರೆ ಅದಕ್ಕೂ ಶಾಂತಿ ಅಂತೀರಾ?"

"ನಿಮ್ಮನ್ನ ಕರೆಸಿದ್ದು ಟ್ರೈನಿಂಗಿಗೆ, ಇನ್‌ಸ್ಪೆಕ್ಷನ್ನಿಗಲ್ಲ."

"ಇದೇ ಟ್ರೈನಿಂಗು. ಚಿಲಕ ಬಿಚ್ಚೋವರೆಗೂ ನಾನು ಇಲ್ಲಿಂದ ಕದಲಲ್ಲ."

ವಸಂತ್ ಫೋನ್ ತೆಗೆದು ಅತ್ತ ಹೋಗುತ್ತಾರೆ. ಆಗ ಗುಂಪು ಸರಿಸಿಕೊಂಡು ಬರುವವರು ಶಶಿಕುಮಾರ್. ಒಂದು ಕೈ ಎದೆ ನೀವಿಕೊಳ್ಳುತ್ತಿದೆ, ಇನ್ನೊಂದರಲ್ಲಿ ಸ್ಕ್ರೂಡ್ರೈವರ್. "ಸ್ವಲ್ಪ ಸರ್ಕೊಳ್ಳಿ," ಎಂದು ಯಾರ ಮುಖವನ್ನೂ ನೋಡದೆ ತಿರುಪು ಬಿಚ್ಚತೊಡಗುತ್ತಾರೆ.

ಚಿಲಕ ಹೋಯಿತೆಂದು ಹೇಮಶ್ರೀ ಸುಮ್ಮನಾಗಲಿಲ್ಲ. ಗೇಟು ದಾಟಿದವರೇ ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿ ದೂರು ಕೊಟ್ಟರು. ಆ ಶಾಲೆ ಮತ್ತೆ ಅವರನ್ನು ಕರೆಯಲಿಲ್ಲ; ಆ ಸುದ್ದಿ ಕಿವಿಯಿಂದ ಕಿವಿಗೆ ಹೋಗಿ ಬಸವನಗುಡಿಯ ಇನ್ನೆರಡು ಶಾಲೆಗಳೂ "ಆಮೇಲೆ ಹೇಳ್ತೀವಿ" ಅಂದವು. "ಹೇಳದೇ ಇರ್ಲಿ," ಎನ್ನುತ್ತಾರೆ ಹೇಮಶ್ರೀ.

ಮೊನ್ನೆ ಕಾವೇರಮ್ಮ ಫೋನ್ ಮಾಡಿದ್ದರಂತೆ. ಹಿಂದೆ ಆ ಕೋಣೆಯಲ್ಲಿ ಕೂಡಿ ಹಾಕುತ್ತಿದ್ದ ಮಗುವೊಂದು ಬೆಂಚು ಒದ್ದು ಕೂಗಾಡಿತು. ಅವರು ಉಳಿದ ಮಕ್ಕಳನ್ನು ಹೊರಗೆ ಕಳಿಸಿ, ದೂರದಲ್ಲಿ ನೆಲದ ಮೇಲೆ ಸುಮ್ಮನೆ ಕೂತರು. ಕೊನೆಗೆ ಮಗು ತಾನಾಗಿಯೇ ಬಂದು ಪಕ್ಕದಲ್ಲಿ ಕೂತು ನೀರು ಕೇಳಿತು.

"'ನಾನು ಮುಟ್ಲೇ ಇಲ್ಲ ಮೇಡಂ' ಅಂದ್ರು," ಎನ್ನುವಾಗ ಹೇಮಶ್ರೀಯವರ ಮುಖ ಮೊದಲ ಬಾರಿಗೆ ಸಡಿಲಗೊಳ್ಳುತ್ತದೆ. ಕೋಪ ಈಗಾದರೂ ಇಳಿಯಿತೇ ಎಂದರೆ ಅಡ್ಡಡ್ಡ ತಲೆಯಾಡಿಸುತ್ತಾರೆ.

"ಇಲ್ಲ. ಅದು ಇಳಿದ್ರೆ ನಾಳೆ ಬೆಳಿಗ್ಗೆ ನಾನು ಎದ್ದು ಇನ್ನೊಂದು ಶಾಲೆಗೆ ಹೋಗಲ್ಲ."